ಯಾವ ಟೇಬಲ್ಲಿಗೆ ಹೋಗಬೇಕು?

"ಅದು ನಮ್ಮ ಸೆಕ್ಷನ್‌ಗೆ ಬರಲ್ಲಮ್ಮ."

ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ ವಿದ್ಯಾರ್ಥಿಗಳ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಮಾತು ಬಹುಶಃ ಇದೇ. ಬೆಳಗಿನ ಮೊದಲ ಬಸ್ಸು ಹಿಡಿದು ಬಂದು, ಊಟದ ಹೊತ್ತಿನವರೆಗೆ ಕಾದು ನಿಂತವರಿಗೆ ಅದು 'ಆಗಲ್ಲ' ಅಂತ ಕೇಳಿಸುತ್ತದೆ. ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿ 'ಸ್ಕಾಲರ್‌ಶಿಪ್ ಬರಲ್ವಂತೆ' ಎಂದುಬಿಡುತ್ತಾರೆ. ಒಳಗೆ ಕೂತವರು ಅಷ್ಟು ದೊಡ್ಡ ಮಾತೇನೂ ಆಡಿರಲಿಲ್ಲ. ಆ ಕಡತ ನನ್ನ ಟೇಬಲ್ಲಿನದಲ್ಲ ಅಂದಿದ್ದರು, ಅಷ್ಟೆ. ಯಾರದು ಅಂತ ಹೇಳುವ ಸೌಜನ್ಯ ಅವರಿಗಿರಲಿಲ್ಲ, ಅದು ಬೇರೆ ಮಾತು.

ಕರ್ನಾಟಕದಲ್ಲಿ ಪದವಿ ಓದುವವರಿಗೆ ಸಿಗಬೇಕಾದ ನೆರವಿಗೆ ಒಬ್ಬನೇ ಯಜಮಾನ ಇಲ್ಲ. ಸ್ಕಾಲರ್‌ಶಿಪ್ ಹಣ ರಾಜ್ಯದ ಇಲಾಖೆಗಳದು. ಫಲಿತಾಂಶ ವಿಶ್ವವಿದ್ಯಾಲಯದ್ದು. ಹಾಜರಾತಿ ಮತ್ತು ಆಂತರಿಕ ಅಂಕ ಕಾಲೇಜಿನದು. ಕಾಲೇಜೇ ತಪ್ಪು ಮಾಡಿದಾಗ ಕೇಳುವ ಹಕ್ಕು ಬರುವುದು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಿಂದ. ಆದರೆ ಹೊಸದಾಗಿ ಸೇರಿದವರಿಗೆ ಇವೆಲ್ಲವೂ ಒಂದೇ 'ಆಫೀಸು'. ಅಲೆದಾಟ ಶುರುವಾಗುವುದು ಇಲ್ಲಿಂದಲೇ. ಆದ್ದರಿಂದ ಯಾವ ತೊಂದರೆ ಬಂದರೂ ಮೊದಲು ಕೇಳಬೇಕಾದ್ದು 'ಆಗುತ್ತಾ?' ಅಂತ ಅಲ್ಲ, 'ಇದರ ಫೈಲು ಯಾರ ಹತ್ತಿರ ಇರುತ್ತೆ ಸರ್?' ಅಂತ. ಈ ಪ್ರಶ್ನೆಗೆ ಸಿಡುಕುವ ಗುಮಾಸ್ತರೂ ಉತ್ತರ ಕೊಡುತ್ತಾರೆ. ಕೊಟ್ಟರೆ ತಮ್ಮ ತಲೆಯಿಂದ ಒಂದು ಭಾರ ಇಳಿಯಿತಲ್ಲ!

ಹಣದಿಂದಲೇ ಶುರು ಮಾಡೋಣ. ಹೆಚ್ಚಿನ ಜನ ಮೊದಲು ಎಡವುವುದು ಅಲ್ಲೇ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ಹಾಸ್ಟೆಲ್ ಸಿಗದವರಿಗೆ ಊಟ–ವಸತಿಯ ವಿದ್ಯಾಸಿರಿ ಇವೆಲ್ಲಕ್ಕೂ ಅರ್ಜಿ ಹಾಕುವುದು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎಸ್‌ಪಿಯಲ್ಲಿ. ಬಾಗಿಲು ಒಂದೇ, ಒಳಗಿನ ಕೋಣೆಗಳು ಬೇರೆ ಬೇರೆ. ಪರಿಶಿಷ್ಟ ಜಾತಿಯವರ ಅರ್ಜಿ ಸಮಾಜ ಕಲ್ಯಾಣ ಇಲಾಖೆಗೆ, ಪರಿಶಿಷ್ಟ ಪಂಗಡದವರದು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗೆ, ಹಿಂದುಳಿದ ವರ್ಗದವರದು 'ಬಿಸಿಎಂ ಆಫೀಸು' ಎಂದೇ ಹೆಸರಾದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೆ, ಅಲ್ಪಸಂಖ್ಯಾತರದು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗೆ ಹೋಗುತ್ತದೆ. ಕಾಲೇಜಿನ ಸ್ಕಾಲರ್‌ಶಿಪ್ ಕ್ಲರ್ಕು ಮಾಡುವುದು ಪರಿಶೀಲಿಸಿ ಮುಂದೆ ಕಳಿಸುವ ಕೆಲಸ. ಹಣ ಯಾಕೆ ಬಂದಿಲ್ಲ ಅಂತ ಅವರನ್ನು ತಿಂಗಳುಗಟ್ಟಲೆ ಕೇಳಿ ಪ್ರಯೋಜನವಿಲ್ಲ. ಅರ್ಜಿ ಕಾಲೇಜಿನ ಹಂತ ದಾಟಿದೆಯೇ ಎಂದು ಪೋರ್ಟಲ್‌ನಲ್ಲೇ ನೋಡಿಕೊಳ್ಳಬಹುದು. ದಾಟಿಲ್ಲ ಅಂದರೆ ಕ್ಲರ್ಕಿನ ಟೇಬಲ್, ದಾಟಿದ್ದರೆ ತಾಲ್ಲೂಕು ಅಥವಾ ಜಿಲ್ಲೆಯ ಇಲಾಖಾ ಕಚೇರಿ.

ಅರ್ಜಿ ತುಂಬುವ ದಿನ ಹೊಸದಾಗಿ ದಾಖಲೆ ಹುಡುಕಲು ಹೊರಟರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಪೋರ್ಟಲ್‌ಗೆ ಬೇಕಾದ್ದು ಆ ಸಂಖ್ಯೆ. ಅದನ್ನು ಹಾಕಿದ ಕೂಡಲೇ ಕಂದಾಯ ಇಲಾಖೆಯ ದಾಖಲೆಯಿಂದ ಹೆಸರು, ಆದಾಯ ಎಲ್ಲ ತಾನಾಗಿ ಬರುತ್ತದೆ. ಆದಾಯ ಪ್ರಮಾಣಪತ್ರದ ಆಯುಷ್ಯ 5 ವರ್ಷ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಮಾಡಿಸಿದ್ದು ಪದವಿಯ ಮಧ್ಯದಲ್ಲಿ ಸದ್ದಿಲ್ಲದೆ ಸತ್ತಿರುತ್ತದೆ. ಕಾಗದ ಕೈಯಲ್ಲೇ ಇರುತ್ತದೆ, ಲ್ಯಾಮಿನೇಷನ್ ಬೇರೆ ಮಾಡಿಸಿರುತ್ತಾರೆ, ಸಂಖ್ಯೆ ಮಾತ್ರ ಹಿಡಿಯುವುದಿಲ್ಲ. ಕೊನೇ ದಿನಾಂಕ ಹತ್ತಿರ ಬಂದಾಗ ನಾಡಕಚೇರಿ ಮುಂದೆ ಇಡೀ ಹೋಬಳಿಯೇ ನಿಂತಿರುತ್ತದೆ. ಕಾಲೇಜು ಶುರುವಾಗುವ ಮುಂಚಿನ ರಜೆಯಲ್ಲೇ ಪ್ರಮಾಣಪತ್ರದ ದಿನಾಂಕ ತೆಗೆದು ನೋಡಿ.

ಎರಡನೆಯದು ಹೆಸರು. ಆಧಾರ್‌ನಲ್ಲಿ 'ಮಂಜುನಾಥ', ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ ಎಂ', ಬ್ಯಾಂಕಿನಲ್ಲಿ ಅಪ್ಪನ ಹೆಸರೂ ಅಂಟಿಕೊಂಡು ಇನ್ನೊಂದು. ಮನುಷ್ಯರಿಗೆ ಮೂರೂ ಒಬ್ಬನೇ, ಕಂಪ್ಯೂಟರಿಗೆ ಮೂವರು. ಸಾಮಾನ್ಯವಾಗಿ ಅಂಕಪಟ್ಟಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸಲೀಸು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕ ಬದಲಿಸಲು 1 ಸಲ ಮಾತ್ರ ಅವಕಾಶ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಅದರಲ್ಲಿರುವಂತೆ ಅಕ್ಷರಕ್ಕೆ ಅಕ್ಷರ, ಇನಿಷಿಯಲ್‌ಗೆ ಇನಿಷಿಯಲ್ ಬರೆಸಿ. ಸೇವಾ ಕೇಂದ್ರದವರು ಟೈಪ್ ಮಾಡಿದ ಮೇಲೆ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ತೋರಿಸಲು ಹೇಳಿ. ನಾಚಿಕೆ ಪಡುವಂಥದ್ದೇನಿಲ್ಲ.

ಮೂರನೆಯದೇ ನಿಜವಾದ ಗುಂಡಿ. 'ಮಂಜೂರಾಗಿದೆ' ಅಂತ ತೋರಿಸುತ್ತದೆ, ಹಣ ಮಾತ್ರ ಬರುವುದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ 'ಆಧಾರ್ ಲಿಂಕ್ ಆಗಿದೆಯಲ್ಲ' ಅನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಖಾತೆಗೆ ಗುರುತಿನ ದಾಖಲೆಯಾಗಿ ಆಧಾರ್ ಕೊಡುವುದು ಒಂದು, ಆ ಆಧಾರ್‌ಗೆ ಬರುವ ಸರ್ಕಾರಿ ಹಣ ಇಂಥ ಬ್ಯಾಂಕಿಗೇ ಹೋಗಲಿ ಎಂದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಮೂದಾಗುವುದು ಇನ್ನೊಂದು. ಎರಡನೆಯದಕ್ಕೆ ಸೀಡಿಂಗ್ ಅನ್ನುತ್ತಾರೆ. ಒಂದು ಆಧಾರ್ ಒಂದು ಹೊತ್ತಿಗೆ ಒಂದೇ ಬ್ಯಾಂಕಿಗೆ ಸೀಡ್ ಆಗಿರುತ್ತದೆ, ಅದೂ ಕೊನೆಗೆ ಮಾಡಿಸಿದ್ದಕ್ಕೆ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗೆ ಅದು ಅಂಟಿಕೊಂಡಿದ್ದು, ಆ ಖಾತೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೆ ಹಣ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಹಾಕಿ, ಒಟಿಪಿ ಕೊಟ್ಟು, 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಯಾವ ಬ್ಯಾಂಕು, ಸಕ್ರಿಯವೋ ಅಲ್ಲವೋ ತಿಳಿಯುತ್ತದೆ. ಎರಡು ನಿಮಿಷದ ಕೆಲಸ. ಬದಲಿಸಬೇಕಿದ್ದರೆ ಬ್ಯಾಂಕಿಗೆ ಹೋಗಿ 'ಆಧಾರ್ ಲಿಂಕ್ ಮಾಡಿ' ಅನ್ನಬೇಡಿ. 'ಡಿಬಿಟಿಗೆ (ನೇರ ನಗದು ವರ್ಗಾವಣೆಗೆ) ಎನ್‌ಪಿಸಿಐ ಸೀಡಿಂಗ್ ಮಾಡಿ' ಎಂದು ಬರೆದುಕೊಡಿ. ಕ್ಯಾಂಪಸ್ಸಿನಲ್ಲಿ ಕೊಡೆ ಹಾಕಿಕೊಂಡು ಕೂತು ಹೊಸ ಖಾತೆ ತೆರೆಸುವವರ ಫಾರಂನಲ್ಲಿ ಈ ಒಪ್ಪಿಗೆಯ ಸಾಲೂ ಇರಬಹುದು, ಓದದೆ ಟಿಕ್ ಹಾಕಿದರೆ ಹಣದ ದಾರಿ ಅಲ್ಲಿಗೇ ತಿರುಗುತ್ತದೆ.

ಒಮ್ಮೆ ಅರ್ಜಿ ಹಾಕಿದರೆ ಮೂರೂ ವರ್ಷಕ್ಕಾಯಿತು ಅಂದುಕೊಳ್ಳಬೇಡಿ. ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಇವಲ್ಲದೆ ಬೇರೆಯೂ ಕೆಲವಿವೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವಿದೆ. ಅಪ್ಪ ಗಾರೆ ಕೆಲಸ ಮಾಡುತ್ತಾರೆ, ಕಾರ್ಡೂ ಇದೆ, ಅದರಿಂದ ಓದಿಗೂ ಹಣ ಬರುತ್ತದೆಂದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುವುದು ಅಪರೂಪವೇನಲ್ಲ. ಪುಣೆಯಲ್ಲೋ ಹೈದರಾಬಾದಿನಲ್ಲೋ ಓದುವ ಕನ್ನಡದ ಮಕ್ಕಳಿಗೆ ಇನ್ನೊಂದು ಮಾತು: ಕೇಂದ್ರದ ನೆರವಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಬೇಕಾದ್ದು ಓದುವ ರಾಜ್ಯವಲ್ಲ, ತವರು ರಾಜ್ಯ.

ಹಾಸ್ಟೆಲ್ಲಿಗೆ ಬೇರೆ ಪೋರ್ಟಲ್, ಬೇರೆ ಕೊನೇ ದಿನಾಂಕ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕೈಚೆಲ್ಲಿ ಪಿಜಿ ಸೇರಿ ಮುಂಗಡ ಕಟ್ಟಿಬಿಡುತ್ತಾರೆ. ಪ್ರವೇಶ ಸಿಕ್ಕವರೆಲ್ಲ ಬಂದು ಸೇರುವುದಿಲ್ಲ. ಖಾಲಿ ಉಳಿದ ಸ್ಥಾನಗಳ ಲೆಕ್ಕ ನಿಲಯಪಾಲಕರ ಹತ್ತಿರ ಇರುತ್ತದೆ, ತುಂಬಿಸುವ ಅಧಿಕಾರ ಮೇಲಿನ ಕಚೇರಿಯದು. ಹಾಗಾಗಿ ತಾಲ್ಲೂಕು ಕಲ್ಯಾಣಾಧಿಕಾರಿಗೆ ಬರೆದ ಅರ್ಜಿಯೊಂದು ಅಲ್ಲಿ ಇರಲಿ. ಸರ್ಕಾರಿ ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ವಿದ್ಯಾಸಿರಿಗೂ ಅರ್ಜಿ ಹಾಕಿದರೆ ಅದು ತಿರಸ್ಕೃತ. ಎರಡರಲ್ಲಿ ಒಂದೇ.

ಇನ್ನು ಪರೀಕ್ಷೆಯ ಕಡೆಗೆ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಗಳು ಯುಯುಸಿಎಂಎಸ್‌ ತಂತ್ರಾಂಶಕ್ಕೆ ಬಂದ ಮೇಲೆ ಹಳೆಯ ತೊಂದರೆಗಳು ಹೋಗಿ ಹೊಸವು ಬಂದಿವೆ. ಪರೀಕ್ಷೆ ಬರೆದಿದ್ದರೂ ಗೈರು ಎಂದು ತೋರಿಸುವುದು, ಒಂದು ಪತ್ರಿಕೆಯ ಫಲಿತಾಂಶ ತಡೆಹಿಡಿದಿರುವುದು, ಆಯ್ದುಕೊಂಡ ವಿಷಯದ ಬದಲು ಬೇರೆ ವಿಷಯ ಕಾಣುವುದು. ಕಾರಣಗಳು ಸಾಮಾನ್ಯವಾಗಿ ಮೂರ್ನಾಲ್ಕೇ. ಕಾಲೇಜು ಆಂತರಿಕ ಅಂಕವನ್ನು ಹೊತ್ತಿಗೆ ಸರಿಯಾಗಿ ಏರಿಸಿಲ್ಲ, ವಿಷಯದ ಕೋಡ್ ತಪ್ಪಿದೆ, ಶುಲ್ಕ ಜಮೆಯಾದದ್ದು ದಾಖಲಾಗಿಲ್ಲ, ಅಥವಾ ಉತ್ತರಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆ ತಪ್ಪಾಗಿ ಬರೆದಿದೆ. ಇವುಗಳಲ್ಲಿ ಮೊದಲ ಮೂರಕ್ಕೆ ಮೂಲ ದಾಖಲೆ ಇರುವುದು ಕಾಲೇಜಿನಲ್ಲಿ. ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋದವರನ್ನು 'ಕಾಲೇಜಿನಿಂದ ಲೆಟರ್ ತಗೊಂಡು ಬನ್ನಿ' ಎಂದು ಹಿಂದಕ್ಕೆ ಕಳಿಸುವುದು ಇದಕ್ಕೇ. ಒಂದೇ ಪ್ರಯಾಣದಲ್ಲಿ ಮುಗಿಯಬೇಕಿದ್ದರೆ ಪ್ರಾಂಶುಪಾಲರ ಮುಖಾಂತರದ ಪತ್ರ, ಆಂತರಿಕ ಅಂಕದ ಪಟ್ಟಿಯ ದೃಢೀಕೃತ ಪ್ರತಿ, ಪರೀಕ್ಷೆಯ ದಿನ ಸಹಿ ಹಾಕಿದ ಹಾಜರಿ ಹಾಳೆಯ ಪ್ರತಿ, ಪ್ರವೇಶಪತ್ರ, ಶುಲ್ಕದ ರಸೀತಿ ಇಷ್ಟನ್ನೂ ಕೈಯಲ್ಲಿಟ್ಟುಕೊಂಡು ಹೋಗಿ. ಹೋಗಬೇಕಾದ ಕಚೇರಿ ಕುಲಸಚಿವರು (ಮೌಲ್ಯಮಾಪನ) ಅವರದು, ಬರೀ ಕುಲಸಚಿವರದಲ್ಲ. ಕಟ್ಟಡವೇ ಬೇರೆ ಇದ್ದರೂ ಇರಬಹುದು.

ಅಂಕ ಕಡಿಮೆ ಬಂದಿದೆ ಅನ್ನಿಸಿದರೆ ಮರುಎಣಿಕೆ, ಛಾಯಾಪ್ರತಿ, ಮರುಮೌಲ್ಯಮಾಪನ ಮೂರೂ ಬೇರೆ ಬೇರೆ. ಛಾಯಾಪ್ರತಿ ನೋಡದೆ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವುದು ಕತ್ತಲಲ್ಲಿ ಕಲ್ಲೆಸೆದ ಹಾಗೆ. ಅರ್ಜಿಯ ಅವಧಿ ತೀರಾ ಚಿಕ್ಕದು, ಫಲಿತಾಂಶದ ಜೊತೆಗೇ ಬರುವ ಸುತ್ತೋಲೆಯಲ್ಲಿ ಇರುತ್ತದೆ, ಫಲಿತಾಂಶದ ಗಲಾಟೆಯಲ್ಲಿ ಅದನ್ನು ಯಾರೂ ಓದುವುದಿಲ್ಲ. ಛಾಯಾಪ್ರತಿ ಕೊಡಲು ಒಪ್ಪದಿದ್ದರೆ ಮಾಹಿತಿ ಹಕ್ಕು ಇದೆ. ತನ್ನ ಉತ್ತರಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಒಂದು ಎಚ್ಚರ: ಉತ್ತರಪತ್ರಿಕೆಯನ್ನು ಕಾದಿಡುವ ಅವಧಿ ಮುಗಿದು ಅದನ್ನು ವಿಲೇವಾರಿ ಮಾಡಿದ್ದರೆ ಹಕ್ಕಿದ್ದೂ ಉಪಯೋಗವಿಲ್ಲ.

ಅರ್ಜಿ ಬರೆಯುವ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಕನ್ನಡದಲ್ಲೇ ಬರೆಯಿರಿ, ಅದು ರಾಜ್ಯದ ಆಡಳಿತ ಭಾಷೆ. ತಪ್ಪು ಇಂಗ್ಲಿಷಿನಲ್ಲಿ ಹೆಣಗಾಡಿ ಬರೆದ ಪುಟಕ್ಕಿಂತ ನೇರ ಕನ್ನಡದ ಆರು ಸಾಲು ಬೇಗ ಓಡುತ್ತದೆ. 'ವಿಷಯ: ಫಲಿತಾಂಶದ ಬಗ್ಗೆ' ಎಂದು ಬರೆದರೆ ಅದು ಫಲಿತಾಂಶದ ನೂರು ಅರ್ಜಿಗಳ ಗಂಟಿಗೆ ಸೇರುತ್ತದೆ. 'ವಿಷಯ: ಬಿ.ಕಾಂ. 3ನೇ ಸೆಮಿಸ್ಟರ್, ಒಂದು ಪತ್ರಿಕೆಯ ಆಂತರಿಕ ಅಂಕ ಸೇರದೆ ಫಲಿತಾಂಶ ತಡೆಹಿಡಿದಿರುವ ಕುರಿತು' ಎಂದು ಬರೆದರೆ ಕವರ್ ಒಡೆದವರಿಗೇ ಅದು ಯಾರ ಟೇಬಲ್ಲಿಗೆ ಅಂತ ಗೊತ್ತಾಗುತ್ತದೆ. ಮೊದಲ ಸಾಲಿನಲ್ಲಿ ಹೆಸರು, ನೋಂದಣಿ ಸಂಖ್ಯೆ, ಕಾಲೇಜು. ಎರಡನೆಯದರಲ್ಲಿ ಏನಾಗಿದೆ, ಯಾವ ದಿನಾಂಕದಿಂದ. ಮೂರನೆಯದರಲ್ಲಿ ಏನು ಮಾಡಬೇಕು. ಬಡತನದ ವರ್ಣನೆ, 'ತಮ್ಮ ಪಾದಗಳಿಗೆ' ಇತ್ಯಾದಿ ಬೇಡ. ಕರುಣೆ ಕೇಳುವ ಪತ್ರಕ್ಕೆ ಕಡತದಲ್ಲಿ ಜಾಗವಿಲ್ಲ, ನಿಯಮ ಕೇಳುವ ಪತ್ರಕ್ಕೆ ಇದೆ. ಕೊನೆಗೆ ಲಗತ್ತುಗಳ ಪಟ್ಟಿ ಮತ್ತು ಫೋನ್ ಸಂಖ್ಯೆ.

ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಈ ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಕೊಡದಿದ್ದೂ ಒಂದೇ. 'ಸೀಲ್ ಯಾಕಮ್ಮ, ಇಟ್ಟು ಹೋಗು, ನೋಡ್ತೀವಿ' ಅಂದರೆ ಜಗಳ ಬೇಡ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಕಚೇರಿಯ ಇಮೇಲ್‌ಗೂ ಹಾಕಿ. ಆಮೇಲೆ ಕೇಳಬೇಕಾದ್ದು 'ನನ್ನ ಕೆಲಸ ಏನಾಯ್ತು ಸರ್' ಅಂತ ಅಲ್ಲ, 'ಇಂಥ ನಂಬರಿನ ಅರ್ಜಿ ಯಾವ ಕೇಸ್‌ವರ್ಕರ್ ಹತ್ತಿರ ಇದೆ' ಅಂತ.

ಇಷ್ಟಾದರೂ ಕದಲದಿದ್ದರೆ? ಆಗ ಬರುವುದು 2023ರ ಯುಜಿಸಿ ನಿಯಮ. ಪ್ರತಿ ಕಾಲೇಜು, ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು, ಪ್ರತಿಯೊಂದನ್ನು ದೂರು ಕೊಟ್ಟವರಿಗೂ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ದೂರುಗಳ ಮೇಲ್ಮನವಿ ಕೇಳಲು ನೇಮಕವಾದವರಿಗೆ, ಮೇಲ್ಮನವಿ. ಈ ಸ್ಥಾನದಲ್ಲಿ ಇರುವವರು ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು. 30 ದಿನದಲ್ಲಿ ಇತ್ಯರ್ಥವಾಗಬೇಕು. ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವುದು, ಪ್ರಾಸ್ಪೆಕ್ಟಸ್‌ನಲ್ಲಿ ಇಲ್ಲದ ಹಣ ಕೇಳುವುದು, ಪರೀಕ್ಷೆ–ಫಲಿತಾಂಶದ ವಿಳಂಬ, ಸ್ಕಾಲರ್‌ಶಿಪ್ ತಡ ಮಾಡುವುದು ಎಲ್ಲವೂ ಈ ನಿಯಮದಲ್ಲಿ 'ಕುಂದುಕೊರತೆ'ಯೇ. ಮರುಮೌಲ್ಯಮಾಪನ ಮಾತ್ರ ಓಂಬುಡ್ಸ್‌ಪರ್ಸನ್ ಕೆಲಸವಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ತೋರಿಸಿದರೆ ಮಾತ್ರ ನೋಡುತ್ತಾರೆ. ನೇರವಾಗಿ ಓಂಬುಡ್ಸ್‌ಪರ್ಸನ್‌ಗೆ ಬರೆದರೆ ಅರ್ಜಿ ನಿಲ್ಲುವುದಿಲ್ಲ. ಮೊದಲ ಮೆಟ್ಟಿಲು ಹತ್ತಿದ್ದಕ್ಕೆ ಗುರುತು ಬೇಕು, ಆ ಗುರುತೇ ನೀವು ಜೋಪಾನ ಮಾಡಿದ ಸೀಲಿನ ಪ್ರತಿ. ಈ ಸಮಿತಿ ನೋಟಿಸ್ ಬೋರ್ಡಿನ ಮೇಲಷ್ಟೇ ಇರುವ ಕಾಲೇಜುಗಳೂ ಉಂಟು. ಆದರೂ ಹೆಸರು ಹಿಡಿದು, ನಿಯಮದ ವರ್ಷ ಬರೆದು ಅರ್ಜಿ ಹಾಕಿದರೆ ಎಷ್ಟೋ ಕಡೆ ಸಮಿತಿ ಸೇರುವ ಮುಂಚೆಯೇ ಕೆಲಸ ಆಗಿಬಿಡುತ್ತದೆ!

ಸೀಟು ಬಿಟ್ಟು ಬೇರೆ ಕಡೆ ಹೋಗುವವರಿಗೆ ಯುಜಿಸಿಯ 2018ರ ಲೆಕ್ಕ ಹೀಗಿದೆ. ಪ್ರವೇಶದ ಅಧಿಕೃತ ಕೊನೇ ದಿನಕ್ಕೆ 15 ದಿನ ಅಥವಾ ಇನ್ನೂ ಮೊದಲು ಹೇಳಿದರೆ ಪೂರ್ತಿ ಹಣ ವಾಪಸು (ಸಂಸ್ಕರಣಾ ವೆಚ್ಚವೆಂದು ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು), 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90, ಕೊನೇ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಭದ್ರತಾ ಠೇವಣಿ ಮಾತ್ರ ಯಾವಾಗಲೂ ಪೂರ್ತಿ ನಿಮ್ಮದು. ಕೆಲವು ವರ್ಷ ಯುಜಿಸಿ ಇನ್ನೂ ಉದಾರವಾದ ಸುತ್ತೋಲೆ ಹೊರಡಿಸಿದ್ದುಂಟು, ಆ ವರ್ಷದ್ದನ್ನು ನೋಡಿಕೊಳ್ಳಿ. ದಿನ ಎಣಿಸುವುದು ನಿಮ್ಮ ಲಿಖಿತ ಅರ್ಜಿಯ ತಾರೀಖಿನಿಂದ, ಫೋನಿನಲ್ಲಿ ಹೇಳಿದ ದಿನದಿಂದಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ನೋಡಿ ವಾಪಸು ಕೊಡಬೇಕೇ ಹೊರತು ಒತ್ತೆ ಇಟ್ಟುಕೊಳ್ಳುವಂತಿಲ್ಲ.

ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಸಮಯ, ಅಂದರೆ 3 ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಲಿಪಿಕಾರರೂ ಬೇಕಿದ್ದರೆ ಪರೀಕ್ಷೆಯ ಹಿಂದಿನ ದಿನ ಕೇಳಿದರಾಗದು. ಪರೀಕ್ಷಾ ಅರ್ಜಿಯ ಜೊತೆಗೇ ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಸೇರಿಸಿ ಬರೆದುಕೊಡಿ. ಅನುಮತಿ ಪತ್ರ ಪರೀಕ್ಷಾ ಕೇಂದ್ರಕ್ಕೂ ತಲುಪಿದೆಯೇ ಅಂತ ಮುಖ್ಯ ಅಧೀಕ್ಷಕರನ್ನು ಮುಂಚೆಯೇ ಕಂಡು ಕೇಳಿ. ಕೆಡುವುದು ಹೆಚ್ಚಾಗಿ ಇಲ್ಲೇ. ಅನುಮತಿ ಇರುತ್ತದೆ, ಕೊಠಡಿಯಲ್ಲಿರುವವರಿಗೆ ಸುದ್ದಿ ಇರುವುದಿಲ್ಲ.

ಕಾಗದ, ಸೀಲು, ಕಾಯುವಿಕೆ ಎಲ್ಲ ಇಲ್ಲಿಯವರೆಗಿನ ವಿಷಯಗಳಿಗೆ ಸರಿ. ಕಾಯಬಾರದ ವಿಷಯಗಳು ಬೇರೆ.

ರ್‍ಯಾಗಿಂಗ್ ಅಂಥದ್ದು. ರಾಷ್ಟ್ರೀಯ ಸಹಾಯವಾಣಿ 1800-180-5522, ಹಗಲು ರಾತ್ರಿ ತೆರೆದಿರುತ್ತದೆ. ಕಾಲೇಜಿಗೆ ಹೇಳಿದರೆ ಸೀನಿಯರ್‌ಗಳಿಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆಯಿದ್ದರೆ ಮೊದಲು ಇಲ್ಲಿಗೇ ಹೇಳಬಹುದು. 2009ರ ಯುಜಿಸಿ ನಿಯಮದಂತೆ, ಅಪರಾಧದ ಅಂಶವಿದ್ದರೆ ಮಾಹಿತಿ ಬಂದ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಹಾಕಿಸಬೇಕು. 'ಒಳಗೊಳಗೇ ಮುಗಿಸೋಣ' ಅನ್ನುವವರಿಗೆ ಈ ಸಾಲು ನೆನಪಿಸಿ. ಹಾಸ್ಟೆಲ್ಲಿನ ವಾಟ್ಸಾಪ್ ಗುಂಪಿನ ಸಂದೇಶಗಳನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಗುಂಪಿನಿಂದ ಹೊರಬರುವ ಮೊದಲು.

ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ದೂರು ಸಮಿತಿ ಇದೆ. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಕಾರಣ ಸರಿಯಿದ್ದರೆ ಇನ್ನೂ 3 ತಿಂಗಳು ವಿಸ್ತರಿಸುವ ಅಧಿಕಾರ ಸಮಿತಿಗಿದೆ. ಬರೆಯಲಾಗದಿದ್ದರೆ ಸಮಿತಿಯವರೇ ಬರೆಯಲು ನೆರವಾಗಬೇಕು. ಹೆಚ್ಚಿನವರನ್ನು ತಡೆಯುವ ಭಯ ಒಂದೇ: 'ಆ ಮೇಷ್ಟ್ರು ನನ್ನ ಅಂಕ ಕೈಯಲ್ಲಿಟ್ಟುಕೊಂಡಿದ್ದಾರೆ.' 2015ರ ಯುಜಿಸಿ ನಿಯಮ ಬರೆದವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿ ದೂರು ಕೊಟ್ಟವರ ಪರೀಕ್ಷೆ, ಮೌಲ್ಯಮಾಪನ ಮುಟ್ಟದಂತೆ ತಡೆಯುವ ಮಧ್ಯಂತರ ಪರಿಹಾರ ಅದರಲ್ಲಿದೆ. ಆದರೆ ಅದನ್ನು ಕೇಳಬೇಕು, ದೂರಿನ ಕೊನೆಯಲ್ಲಿ ಒಂದು ಸಾಲಾಗಿ ಬರೆಯಬೇಕು. ಈ ನಿಯಮ ಹುಡುಗರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ಪೊಲೀಸ್ ಠಾಣೆಯ ದಾರಿ ಬೇರೆಯೇ, ಒಂದನ್ನು ಹಿಡಿದರೆ ಇನ್ನೊಂದು ಮುಚ್ಚುವುದಿಲ್ಲ. ವಕೀಲರು ಬೇಕೆನಿಸಿದರೆ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. 'ನಿಮ್ಮ ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ' ಎಂಬ ಕರೆಗೆ ಮೋಸ ಹೋಗಿದ್ದರೆ ಅತ್ತುಕೊಂಡು ಕೂರುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮುನ್ನ ತಡೆಯಲು ಸಿಗುವುದು ಮೊದಲ ಕೆಲವೇ ಗಂಟೆ.

ಕೊನೆಗೆ ಯಾವ ಟೇಬಲ್ಲಿಗೂ ಸೇರದ ತೊಂದರೆ. ಎರಡು ವಾರದಿಂದ ನಿದ್ದೆ ಇಲ್ಲ, ಅಥವಾ ಏಳಲು ಮನಸ್ಸಿಲ್ಲ. ಮೆಸ್ಸಿಗೆ ಹೋಗುವುದು ನಿಂತಿದೆ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಸಲ ಓದುವಂತಾಗಿದೆ. ಮನೆಯಲ್ಲಿ ಹೇಳಿದರೆ 'ದೇವರಿಗೊಂದು ಕಾಯಿ ಒಡೆಸು' ಅನ್ನುತ್ತಾರೆ. ಒಡೆಸಲಿ, ಬೇಡ ಅನ್ನುವವರಾರು. ಅದರ ಜೊತೆಗೆ 14416 ಎಂಬ ಸಂಖ್ಯೆಯೂ ಇರಲಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, 24 ಗಂಟೆಯೂ ಇರುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಇದರ ತಾಯಿಬೇರು. ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಿ. ಫೋನ್ ಎತ್ತುವವರು ತರಬೇತಿ ಪಡೆದ ಆಪ್ತ ಸಮಾಲೋಚಕರು. ಬೇಕೆನಿಸಿದರೆ ಅವರೇ ಮನೋವೈದ್ಯರಿಗೆ ದಾಟಿಸುತ್ತಾರೆ. ಏನು ಹೇಳಬೇಕೆಂದು ತೋಚದಿದ್ದರೆ 'ನಿದ್ದೆ ಬರ್ತಿಲ್ಲ' ಅಂತ ಶುರು ಮಾಡಿದರೂ ಸಾಕು, ಉಳಿದದ್ದನ್ನು ಕೇಳಿ ತಿಳಿಯುವುದು ಅವರ ಕಸುಬು.

ಕಾಲೇಜಿನಲ್ಲೇ ಯಾರಾದರೂ ಇರಬೇಕಲ್ಲ ಅಂದರೆ, ಹೌದು, ಇರಬೇಕು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಒಬ್ಬ ಅರ್ಹ ಸಮಾಲೋಚಕರನ್ನಾದರೂ ಇಟ್ಟುಕೊಳ್ಳಬೇಕು, ಟೆಲಿ ಮಾನಸ್‌ನಂಥ ಸಂಖ್ಯೆಗಳನ್ನು ಹಾಸ್ಟೆಲ್, ತರಗತಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಕೆಲವು ಕಡೆ ಪಾಠ ಮಾಡುವ ಮೇಷ್ಟ್ರಿಗೇ ಈ ಹೊಣೆ ವಹಿಸಿ ಬೋರ್ಡು ಹಾಕುತ್ತಾರೆ. ಅವರು ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಆಂತರಿಕ ಅಂಕ ಕೊಡುವವರ ಮುಂದೆ ಮನಸ್ಸು ಬಿಚ್ಚುವುದು ಕಷ್ಟ. ಅಂಥಲ್ಲಿ ಹೊರಗಿನ ದಾರಿಯೇ ಮೇಲು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಹೋಗುವ ಮುನ್ನ ಒಮ್ಮೆ ಫೋನ್ ಮಾಡಿ ಕೇಳಿಕೊಳ್ಳಿ. ಧಾರವಾಡದ ಕಡೆಯವರಿಗೆ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವೈದ್ಯರು ನಿಮ್ಮ ವಿಷಯವನ್ನು ಕಾಲೇಜಿಗೋ ಮನೆಗೋ ತಮ್ಮಷ್ಟಕ್ಕೆ ಹೇಳುವಂತಿಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಜೀವಕ್ಕೆ ಅಪಾಯದಂಥ ಸಂದರ್ಭ ಮಾತ್ರ ಇದಕ್ಕೆ ಹೊರತು. ಮಾತ್ರೆ ಬರೆದುಕೊಟ್ಟರೆ ಮೊದಲ ವಾರದಲ್ಲೇ ಫಲ ಕಾಣದೆಂದು ಬಿಡಬೇಡಿ. ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಹಿಡಿಯುತ್ತವೆ. ಸ್ವಲ್ಪ ಹಗುರಾದ ಕೂಡಲೇ ತಾವಾಗಿ ನಿಲ್ಲಿಸುವವರು ಮತ್ತೆ ಕುಸಿಯುವುದೇ ಹೆಚ್ಚು. ಹಾಜರಾತಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕಾಗಬಹುದು ಅನ್ನಿಸಿದರೆ ಹೋದ ದಿನವೇ ಕೇಳಿ ಪಡೆಯಿರಿ. ಸೆಮಿಸ್ಟರ್ ಕೊನೆಗೆ ಹಳೆಯ ತಾರೀಖು ಹಾಕಿ ಯಾವ ಸರ್ಕಾರಿ ವೈದ್ಯರೂ ಕೊಡುವುದಿಲ್ಲ.

ಹೀಗಿರುವವರು ತಾವಾಗಿ ಎಲ್ಲಿಗೂ ಹೋಗದಿರುವುದೇ ಹೆಚ್ಚು. ರೂಮ್‌ಮೇಟ್ ಕರೆದುಕೊಂಡು ಹೋದರೆ ಹೋಗುತ್ತಾರೆ. ಆದ್ದರಿಂದ ಇದು ರೂಮ್‌ಮೇಟ್‌ಗೂ ಗೊತ್ತಿರಬೇಕಾದ ವಿಷಯ. 'ಬದುಕಿ ಏನು ಪ್ರಯೋಜನ' ಎಂಬಂಥ ಮಾತು ಬಂದಾಗ ನಕ್ಕು ಹಾರಿಸಬೇಡಿ. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, 'ಯಾರಿಗೂ ಹೇಳಲ್ಲ' ಎಂದು ಭಾಷೆ ಕೊಡಬೇಡಿ, ಬುದ್ಧಿವಾದ ಹೇಳಲು ಕೂರಬೇಡಿ. ಅವರ ಪಕ್ಕದಲ್ಲೇ ಕೂತು ನಿಮ್ಮ ಫೋನಿನಿಂದ 14416ಕ್ಕೆ ಕರೆ ಮಾಡಿ ಸ್ಪೀಕರ್‌ಗೆ ಹಾಕಿ. ಆ ಗಳಿಗೆಯೇ ಅಪಾಯದ್ದು ಅನ್ನಿಸಿದರೆ ತುರ್ತು ಸಂಖ್ಯೆ 112. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ತಡ ಮಾಡಬೇಡಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಭಾವಿಸುತ್ತದೆ, ಶಿಕ್ಷೆಯನ್ನಲ್ಲ, ಆರೈಕೆಯನ್ನು ಹೇಳುತ್ತದೆ. ವಾರ್ಡನ್‌ರನ್ನು ಎಬ್ಬಿಸಿ, ಗೇಟು ತೆಗೆಸಿ. ಹೋಗುವಾಗ ಅವರ ಚಾರ್ಜರ್, ಆಧಾರ್ ಪ್ರತಿ, ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಚೀಟಿ ತೆಗೆದುಕೊಳ್ಳಿ. ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ಚೀಟಿ ಮಾಡಿಸಲು ಸಾಲು ಉದ್ದವಿರುತ್ತದೆ, ಒಬ್ಬರು ಸಾಲಿನಲ್ಲಿ ನಿಲ್ಲಿ, ಇನ್ನೊಬ್ಬರು ಅವರ ಜೊತೆ ಬೆಂಚಿನ ಮೇಲೆ ಕೂರಿ.